ಬಿಳಿ ಗಾಡಿ, ಬೂದು ಗಾಡಿ

ಕನ್ನಡಕದಂಗಡಿಯವನ ಬುದ್ಧಿ ಆ ದಿನ ಎಲ್ಲಿ ಮೇಯಲು ಹೋಗಿತ್ತೋ, ಗಿರಾಕಿಯ ಕಣ್ಣಿಗೆ ಒಂದೇ ಗಾಜನ್ನು ಎರಡು ಸಲ ಹಾಕಿ ತೋರಿಸಿದ.

ಕುರ್ಚಿಯಲ್ಲಿ ಕೂತಿದ್ದವರು ನಿವೃತ್ತ ಮೇಷ್ಟರು. ಗಾಜು ಬದಲಾಯಿಸುವ ಆ ದುಂಡನೆಯ ಲೋಹದ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತುಕೊಂಡು ಗೋಡೆಯ ಅಕ್ಷರಗಳನ್ನು ಶ್ರದ್ಧೆಯಿಂದ ನೋಡುತ್ತಿದ್ದರು.

"ಇದು ಚೆನ್ನಾಗಿ ಕಾಣುತ್ತಾ?" ಎಂದು ಒಂದು ಗಾಜು ಇಳಿಸಿದ, ತೆಗೆದ. "ಇಲ್ಲಾ, ಇದು ಚೆನ್ನಾಗಿ ಕಾಣುತ್ತಾ?"

"ಎರಡೂ ಒಂದೇ ಥರ ಇದೆಯಲ್ಲಪ್ಪಾ."

"ಸರಿಯಾಗಿ ನೋಡಿ ಹೇಳಿ ಸರ್. ವ್ಯತ್ಯಾಸ ಇದ್ದೇ ಇರುತ್ತೆ. ಇದಾ... ಅದಾ?"

ಮೇಷ್ಟರು ಪರೀಕ್ಷೆಯಲ್ಲಿ ಫೇಲಾಗುತ್ತಿರುವ ಹುಡುಗನ ಹಾಗೆ ಬೆವರತೊಡಗಿದರು. ಕೌಂಟರಿನ ಹಿಂದೆ ಕೂತು ಫ್ರೇಮಿನ ಸ್ಕ್ರೂ ಬಿಗಿಮಾಡುತ್ತಿದ್ದ ಅವನ ಹೆಂಡತಿ ಎದ್ದು ಬಂದು, ಮೆಲ್ಲಗೆ ಅವನ ಕೈಯಿಂದ ಗಾಜನ್ನು ತೆಗೆದುಕೊಂಡಳು.

"ರೀ, ಎರಡು ಸಲಾನೂ ಇದನ್ನೇ ಹಾಕಿದ್ರಿ. ಅವರು ಹೇಳ್ತಿರೋದೇ ಸರಿ."

ಮೇಷ್ಟರು ದೊಡ್ಡ ಮನಸ್ಸಿನವರು, ನಕ್ಕುಬಿಟ್ಟರು. ಇವನು ನಗಲಿಲ್ಲ. ಅವನ ಒಂದು ಕಾಲು ಆಗಲೂ ಸ್ಟೂಲಿನ ಕೆಳಗೆ ಹೊಲಿಗೆ ಯಂತ್ರ ತುಳಿಯುವವರ ಕಾಲಿನ ಹಾಗೆ ಕುಣಿಯುತ್ತಲೇ ಇತ್ತು. ಆ ಕಾಲು ಕುಣಿಯಲು ಶುರುವಾಗಿ ತಿಂಗಳುಗಳೇ ಆಗಿದ್ದವು. ಕಾರಣ ಕೇಳಿದವರಿಗೆಲ್ಲ ಅವನು ಕೊಡುತ್ತಿದ್ದ ಉತ್ತರ ಒಂದೇ: ದೊಡ್ಡ ಗಾಡಿ ತಗೋಬೇಕು, ಬಿಳಿದೋ ಬೂದುದೋ ತೀರ್ಮಾನ ಆಗ್ತಿಲ್ಲ.

ಊರ ಹೊರಗಿನ ಅಗಲ ರಸ್ತೆಯಲ್ಲಿ ಎರಡು ಶೋರೂಮುಗಳು ಎದುರುಬದುರಾಗಿ ನಿಂತಿದ್ದವು. ಈ ಕಡೆಯದರಲ್ಲಿ ಬಿಳಿ ಗಾಡಿ, ಆ ಕಡೆಯದರಲ್ಲಿ ಬೂದು ಗಾಡಿ. ಎರಡೂ ನಾಲ್ಕು ಜನರ ಎದುರು ಎದೆಯುಬ್ಬಿಸಿ ನಿಲ್ಲುವಂಥ, ಕಲ್ಲುಮುಳ್ಳಿಗೆ ಸೊಪ್ಪು ಹಾಕದ ಜಾತಿಯವು. ಅಂಗಡಿ ಬಾಗಿಲು ಹಾಕಿದ ತಕ್ಷಣ ಇವನ ಸವಾರಿ ಅಲ್ಲಿಗೆ. ಬಿಳಿ ಗಾಡಿಯ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ನೆಲಕ್ಕೂ ಗಾಡಿಯ ಹೊಟ್ಟೆಗೂ ಎಷ್ಟು ಅಂತರ ಎಂದು ಟೇಪು ಹಿಡಿದು ನೋಡುವನು. ಕೂಡಲೇ ರಸ್ತೆ ದಾಟಿ ಬೂದು ಗಾಡಿಯ ಹೊಟ್ಟೆ ಅಳೆಯುವನು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮೊದಲನೆಯದರ ಅಳತೆಯ ಬಗ್ಗೆಯೇ ಅನುಮಾನ ಹುಟ್ಟುತ್ತಿತ್ತು. ಬಿಳಿಯದರ ಡಿಕ್ಕಿ ದೊಡ್ಡದು, ಆದರೆ ಹಿಂದಿನ ಸೀಟಿನ ನಡುವೆ ಕೂತವರಿಗೆ ಮಂಡಿಗೆ ಜಾಗವಿಲ್ಲ. ಬೂದು ಗಾಡಿ ಏರಿನಲ್ಲಿ ಗಟ್ಟಿಗ, ಆದರೆ ಹಿಂದಿನ ಗಾಜು ಅಂಗೈಯಷ್ಟೇ ಅಗಲ. ಬಿಳಿಯದರ ಬಾಗಿಲು ಮುಚ್ಚಿದರೆ ಧಪ್ ಎನ್ನುತ್ತದೆ, ಬೂದು ಗಾಡಿಯದು ಟಪ್ ಎನ್ನುತ್ತದೆ. ಧಪ್ಪೋ ಟಪ್ಪೋ ಎಂಬುದರಲ್ಲಿ ಒಂದು ವಾರ ಹೋಯಿತು.

ಒಮ್ಮೆ ಅವನು ಅಂಗಡಿಯ ಅಕ್ಷರದ ಬೋರ್ಡನ್ನೇ ಹೊತ್ತುಕೊಂಡು ಹೋಗಿ, ಎದುರಿಗೆ ನಿಲ್ಲಿಸಿ, ಎರಡೂ ಗಾಡಿಗಳ ಮುಂದಿನ ಗಾಜಿನಿಂದ ಕೊನೆಯ ಸಾಲು ಓದಿ ನೋಡಿದ್ದ. ಎರಡರಲ್ಲೂ ಓದಲು ಬಂತು. ಅದು ಅವನಿಗೆ ದೊಡ್ಡ ನಿರಾಸೆ.

ಬಿಳಿ ಗಾಡಿಯ ಶೋರೂಮಿನ ಹುಡುಗಿ ತಾಳ್ಮೆಯ ಗಣಿ. ಅವನು ಗೇಟಿನೊಳಗೆ ಕಾಲಿಡುವ ಮೊದಲೇ ಚಹಾಕ್ಕೆ ಹೇಳುತ್ತಿದ್ದಳು. ಬೂದು ಗಾಡಿಯ ಮೀಸೆಯವನು ಮೊದಮೊದಲು ಬಿಸ್ಕತ್ತೂ ಕೊಡುತ್ತಿದ್ದ. ಈಚೆಗೆ ಇವನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗಿಬಿಡುತ್ತಿದ್ದ.

ದೊಡ್ಡ ಗಾಡಿ ಯಾಕೆ ಬೇಕಾಗಿತ್ತು ಅಂದರೆ ಅಕ್ಕನ ಮನೆಗೆ ಹೋಗಲು. ಅಕ್ಕ ಬೆಟ್ಟದ ಮೇಲೆ ಗಿಡದ ನರ್ಸರಿ ಇಟ್ಟುಕೊಂಡಿದ್ದಳು. ಹಿಂದೆ ಒಮ್ಮೆ ಅಲ್ಲಿಗೆ ಹೋದಾಗ ಇವನ ಪುಟ್ಟ ಕಾರಿನ ಹೊಟ್ಟೆ ಬಂಡೆಗೆ ತಗುಲಿ ಸೈಲೆನ್ಸರ್ ಕಳಚಿ ಬಿದ್ದಿತ್ತು. ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು, ಇಡೀ ಬೆಟ್ಟಕ್ಕೆ ಕೇಳುವಂತೆ ಗುಡುಗುತ್ತ ಇಳಿದು ಬಂದಿದ್ದ. ಆ ರಸ್ತೆಗೆ ಈ ಕಾರು ಆಗುವುದಿಲ್ಲ ಎಂದು ಆವತ್ತೇ ಹೇಳಿದ್ದ. ಅಲ್ಲಿಯವರೆಗೆ ಎಲ್ಲವೂ ನಿಜ.

ನಿಜವಲ್ಲದ್ದು ಆಮೇಲೆ ಶುರುವಾಯಿತು. ಅಕ್ಕ ಈಚೆಗೆ ನೇತುಹಾಕಿದ ಕುಂಡಗಳಿಗೆ ಭುಜ ತಗುಲಿಸಿಕೊಳ್ಳುತ್ತಾಳೆ, ಪಕ್ಕದಲ್ಲಿಟ್ಟ ಕೊಡ ಒದೆಯುತ್ತಾಳೆ ಎಂದು ಅಕ್ಕನ ಮಗಳು ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ವರದಿಯನ್ನು ಇವನಿಗೆ ಕಳಿಸಿದ್ದಳು. ನೋಡಿದೊಡನೆ ಇವನಿಗೆ ಗೊತ್ತಾಗಿತ್ತು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸದ್ದಿಲ್ಲದೆ ಸಾಯುವ ಕಾಯಿಲೆ. ಅಂಚಿನಿಂದ ಕತ್ತಲಾಗುತ್ತ ಬರುತ್ತದೆ, ನಡುವೆ ಮಾತ್ರ ಬೆಳಕು ಉಳಿದಿರುತ್ತದೆ. ಹೋದದ್ದು ಬರುವುದಿಲ್ಲ, ಔಷಧಿ ಹಾಕಿದರೆ ಉಳಿದದ್ದು ಉಳಿಯಬಹುದು.

"ಮಾವ, ಅಮ್ಮನಿಗೆ ನೀನೇ ಬಂದು ಹೇಳು," ಎಂದಿದ್ದಳು ಅಕ್ಕನ ಮಗಳು. "ಡಾಕ್ಟರು ಹೇಳಿದ್ದು ಅವಳ ಕಿವಿಗೇ ಹೋಗ್ಲಿಲ್ಲ. ನನ್ನ ಕಣ್ಣು ಇಷ್ಟು ವರ್ಷ ನೋಡಿದ್ದು ನನ್ನ ತಮ್ಮ, ಅವನು ಏನು ಹೇಳ್ತಾನೋ ಅದೇ ಅಂತ ಕೂತಿದ್ದಾಳೆ."

ಅದೇ ದಿನ ಅಕ್ಕನೂ ಫೋನು ಮಾಡಿದ್ದಳು. "ಏನೋ ಅದು, ಕಣ್ಣು ಹೋಗುತ್ತಂತಾ?"

ಇವನ ಬಾಯಿಂದ ಮಾತು ತಾನಾಗೇ ಜಾರಿತ್ತು. "ಏ, ಏನೂ ಆಗಿಲ್ಲ ಬಿಡಕ್ಕ. ದೊಡ್ಡ ಗಾಡಿ ತಗೊಂಡ ತಕ್ಷಣ ಬಂದು ನೋಡ್ತೀನಿ."

ಆವತ್ತಿನಿಂದ ಗಾಡಿಯ ವಿಚಾರ ಮುಗಿಯದ ವಿಚಾರವಾಯಿತು. ಗಾಡಿ ಬಂದರೆ ಬೆಟ್ಟ ಹತ್ತಬೇಕು. ಬೆಟ್ಟ ಹತ್ತಿದರೆ ಅಕ್ಕನ ಮುಖ ನೋಡಬೇಕು. ನೋಡಿ, ಹೇಳಬೇಕು. ಅದಕ್ಕಿಂತ ಧಪ್ಪೋ ಟಪ್ಪೋ ಎಂದು ತಲೆ ಕೆಡಿಸಿಕೊಳ್ಳುವುದು ಎಷ್ಟೋ ಸುಖವಾಗಿತ್ತು. ಹಾಗೆಂದು ಅವನು ಒಪ್ಪಿಕೊಂಡಿದ್ದನೆ? ಎಲ್ಲಾದರೂ ಉಂಟೆ! ಗಿರಾಕಿಗಳಿಲ್ಲದಾಗ ಫೋನಿನಲ್ಲಿ ಎರಡೂ ಗಾಡಿಗಳನ್ನು ಹೋಲಿಸುವ ವಿಡಿಯೋ ನೋಡುವುದು, ಹೋದಲ್ಲಿ ಬಂದಲ್ಲಿ ಸಿಕ್ಕವರನ್ನೆಲ್ಲ ಕೇಳುವುದು, ಊಟದ ತಟ್ಟೆಯ ಮುಂದೆ ಕೂತವನು ಎದ್ದು ಹೋಗಿ ಕಿಟಕಿಯಲ್ಲಿ ನಿಲ್ಲುವುದು, ಇದೇ ಆಯಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಸ್ಕ್ರೂ ಬಿಗಿಮಾಡುವವಳು, ಎಲ್ಲಿ ಸಡಿಲವಿದೆ ಎಂದು ಬೇಗ ಗೊತ್ತಾಗುತ್ತದೆ. ಮೇಷ್ಟರನ್ನು ಕಳಿಸಿಕೊಟ್ಟ ಮೇಲೆ ಅವಳು ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು ಹೇಳಿದಳು.

"ನೀವು ಗಾಡಿ ಹುಡುಕ್ತಾ ಇಲ್ಲ, ನೆಪ ಹುಡುಕ್ತಾ ಇದ್ದೀರಿ."

"ಸುಮ್ನಿರೇ. ಸುಮ್ನೆ ದುಡ್ಡು ಸುರಿದು ಆಮೇಲೆ ಆ ಕಲ್ಲುರಸ್ತೆ ಹತ್ತದೆ ಹೋದ್ರೆ? ಆ ಥರದ ರಸ್ತೇಲಿ ಓಡಿಸಿ ನೋಡದೆ ಹೇಗೆ ಹೇಳೋದು?"

"ಸರಿ ಹಾಗಾದ್ರೆ," ಎಂದಳು. ಅಷ್ಟೇ. ಅವಳು ಅಷ್ಟು ಬೇಗ ಸರಿ ಎಂದಾಗಲೇ ಅವನು ಎಚ್ಚೆತ್ತುಕೊಳ್ಳಬೇಕಿತ್ತು.

ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ ಬಿಳಿ ಗಾಡಿ ಮನೆಯ ಮುಂದೆ ಬಂದು ನಿಂತಿತು. ಶೋರೂಮಿನ ಹುಡುಗಿ ಇಳಿದು ಕೀಲಿಕೈ ನೀಡಿದಳು. "ಮೇಡಂ ಫೋನ್ ಮಾಡಿದ್ರು ಸರ್. ಏರು ರಸ್ತೇಲಿ ಓಡಿಸಿ ನೋಡ್ಬೇಕಂತೆ. ಮಧ್ಯಾಹ್ನದ ತನಕ ಗಾಡಿ ನಿಮ್ಮದೇ."

ಹೆಂಡತಿ ಆಗಲೇ ಸೀರೆ ಬದಲಿಸಿ, ಕೈಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹುಡುಗಿ ಮುಂದೆ ಕೂತಳು. ಇವನು ಗಾಡಿ ಹೊರಡಿಸಿದ. ಸ್ಟೇರಿಂಗು ಹಗುರ, ಎತ್ತರದಿಂದ ರಸ್ತೆಯೆಲ್ಲ ಕಾಣುತ್ತದೆ, ಪಕ್ಕದಲ್ಲಿ ಕಾಣದಂತೆ ಯಾರಾದರೂ ಬಂದರೆ ಕನ್ನಡಿಯಲ್ಲಿ ಹಳದಿ ದೀಪ ಹತ್ತುತ್ತದೆ. ಹುಡುಗಿ ಆ ದೀಪದ ಬಗ್ಗೆ ವಿವರಿಸಿದಳು. ಮೂಲೆಯಲ್ಲಿ ನಮಗೆ ಕಾಣದ್ದನ್ನು ಗಾಡಿಯೇ ಹೇಳುತ್ತೆ ಸರ್, ಎಂದಳು. ಇವನು ಹ್ಞೂಂ ಎಂದ. ಆ ಮಾತು ಅವನಿಗೆ ಎಲ್ಲಿ ತಗುಲಿತೆಂದು ಪಾಪ ಆ ಹುಡುಗಿಗೆ ಏನು ಗೊತ್ತು.

ಊರು ದಾಟಿ ರಸ್ತೆ ಕವಲೊಡೆಯುವಲ್ಲಿ ಇವನು ಬೇರೆ ಕಡೆಗೆ ತಿರುಗಿಸಲು ಹೊರಟ.

"ಈ ಕಡೆ ಏರಿದೆಯಲ್ಲ, ಇಲ್ಲೇ ನೋಡೋಣ," ಎಂದ.

"ಕಲ್ಲುರಸ್ತೇನೇ ಬೇಕು ಅಂದಿದ್ರಲ್ಲ," ಎಂದಳು ಹಿಂದಿನಿಂದ ಹೆಂಡತಿ. "ಅಕ್ಕನ ಮನೆ ಕಡೆ ತಿರುಗಿಸಿ. ಅದಕ್ಕಿಂತ ಕೆಟ್ಟ ರಸ್ತೆ ಎಲ್ಲಿ ಸಿಗುತ್ತೆ?"

"ಹೌದು ಸರ್, ಅದೇ ಒಳ್ಳೇದು," ಎಂದಳು ಹುಡುಗಿ ಉತ್ಸಾಹದಿಂದ. "ನಮ್ಮ ಗಾಡಿ ಏನು ಅಂತ ಅಲ್ಲೇ ಗೊತ್ತಾಗುತ್ತೆ."

ತಾನೇ ನೂತ ನೂಲು ಕಾಲಿಗೆ ಸುತ್ತಿಕೊಂಡಿತ್ತು. ಹಿಂದೆ ಒಂದು ಲಾರಿ ಹಾರ್ನು ಬಾರಿಸುತ್ತಿತ್ತು. ಅವನು ಬೆಟ್ಟದ ಕಡೆಗೆ ತಿರುಗಿಸಿದ.

ಮೊದಲ ತಿರುವು ಬಂತು. ಸೈಲೆನ್ಸರ್ ಕಳಚಿದ್ದ ಬಂಡೆ ಇಲ್ಲೇ ಇರಬೇಕು ಎಂದು ವೇಗ ಕಡಿಮೆ ಮಾಡಿ, ಮೈಯೆಲ್ಲ ಕಣ್ಣಾಗಿ ಕೂತ. ಬಂಡೆ ಇರಲಿಲ್ಲ. ಎರಡನೆಯ ತಿರುವಿನಲ್ಲಿ ಹಳ್ಳವಿರಬೇಕಿತ್ತು, ಅದೂ ಇರಲಿಲ್ಲ. ಮುಂದೆ ನುಣ್ಣಗೆ, ಅಂಚಿಗೆ ಬಿಳಿ ಪಟ್ಟೆ ಬಳಿದ ಡಾಂಬರು ರಸ್ತೆ ಬೆಟ್ಟದ ಮೇಲಕ್ಕೆ ಹರಿದಿತ್ತು. ಹಿಂದಿನಿಂದ ಒಂದು ಹಳೇ ಮೊಪೆಡ್ ಪೀಪೀ ಎಂದು ಬಂದು ಇವರನ್ನು ದಾಟಿ ಹೋಯಿತು. ಅದರ ಹಿಂದೆ ತಲೆಯೆತ್ತರಕ್ಕೆ ಪೇರಿಸಿ ಕಟ್ಟಿದ ಮೊಟ್ಟೆಯ ತಟ್ಟೆಗಳಿದ್ದವು. ಒಂದು ಮೊಟ್ಟೆಯೂ ಅಲುಗುತ್ತಿರಲಿಲ್ಲ.

"ಸರ್, ಕಲ್ಲುರಸ್ತೆ ಎಲ್ಲಿದೆ?" ಎಂದಳು ಹುಡುಗಿ.

ಅವನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. "ಇದನ್ನ ಯಾವಾಗ ಮಾಡಿದ್ರು?"

"ಹೋದ ವರ್ಷವೇ. ಅಕ್ಕನ ಮಗಳು ಈಚೆಗೆ ಹೇಳಿದ್ಲು, ನಾನು ನಿಮಗೂ ಹೇಳಿದೆ. ಆಗ ನೀವು ಡಿಕ್ಕಿ ವಿಡಿಯೋ ನೋಡ್ತಿದ್ರಿ."

ಅವನಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ರಸ್ತೆ ಹಾಕಿದವರ ಮೇಲೆ. ಕೊನೆಗೆ ಭಯ ಒಂದೇ ಉಳಿಯಿತು. ತಿರುಗಿಸಿಬಿಡೋಣ ಎಂದರೆ ಅಗಲವಾದ ಜಾಗ ಸಿಗಬೇಕು. ಅಂಥ ಜಾಗ ಸಿಕ್ಕಿದ್ದು ಅಕ್ಕನ ಗೇಟಿನ ಮುಂದೆಯೇ.

ಅಕ್ಕ ಹೊರಗಿನ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಚಿಕ್ಕ ಕುಂಡವಿಟ್ಟುಕೊಂಡು ಮಣ್ಣು ತುಂಬುತ್ತಿದ್ದಳು. ಬಾಗಿಲು ಧಪ್ ಎಂದಿತು. ಅವಳು ತಲೆಯೆತ್ತಿದಳು. ಇವನು ಗೇಟು ತೆರೆದು, ಗಿಡಗಳ ಸಾಲಿನ ಪಕ್ಕದಿಂದ ನಡೆದು ಅವಳ ಹತ್ತಿರಕ್ಕೇ ಬಂದ. ಅವಳು ಗೇಟಿನ ಕಡೆಗೇ ನೋಡುತ್ತಿದ್ದಳು.

"ಯಾರು? ಗಿಡ ಬೇಕಾಗಿತ್ತಾ?" ಎಂದಳು ಗೇಟಿಗೆ.

ಅವನು ನಿಂತಲ್ಲೇ ನಿಂತ. ವರದಿಯಲ್ಲಿದ್ದ ನೋಟದ ನಕ್ಷೆಯ ಕಪ್ಪು ಅಂಚನ್ನು ಅವನು ನೂರು ಸಲ ನೋಡಿದ್ದ, ಆ ಕಪ್ಪಿನೊಳಗೆ ತಾನೇ ನಿಂತಿರುತ್ತೇನೆ ಎಂದು ಎಣಿಸಿರಲಿಲ್ಲ.

"ನಾನು ಕಣಕ್ಕ."

ಅವಳು ದನಿಯ ಕಡೆ ತಿರುಗಿ ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿ ಅವನನ್ನು ಹುಡುಕಿದಳು. ಸಿಕ್ಕ ಕೂಡಲೇ ಮುಖ ಅರಳಿತು. "ಅಂತೂ ಬಂದ್ಯಾ! ಗಾಡಿ ಸಿಕ್ತಾ? ಮಗಳು ಗಿಡ ಕೊಡೋಕೆ ಹೋಗಿದ್ದಾಳೆ. ಬಾ, ಎಲ್ಲಿ ನನ್ನ ನಾದಿನಿ?"

ಹೆಂಡತಿ ಬಂದು ಅವಳ ಕೈ ಹಿಡಿದು ಮಾತಾಡಿಸಿ, ಶೋರೂಮಿನ ಹುಡುಗಿಯನ್ನು ಗಿಡ ತೋರಿಸುವ ನೆಪದಲ್ಲಿ ಹಿತ್ತಿಲ ಕಡೆ ಕರೆದುಕೊಂಡು ಹೋದಳು. ಇವನು ಅಕ್ಕನ ಮುಂದೆ ಕೆಳಗಿನ ಮೆಟ್ಟಿಲ ಮೇಲೆ ಕೂತ. ಕಾಲು ಕುಣಿಯತೊಡಗಿತು. ಅಕ್ಕ ಕೈಚಾಚಿ, ತಡಕಾಡಿ, ಅವನ ಮಂಡಿಯನ್ನು ಒತ್ತಿ ಹಿಡಿದಳು.

"ನೋಡು," ಎಂದಳು. "ನೀನು ನೋಡಿ ಹೇಳು. ಅದಕ್ಕೇ ಕಾಯ್ತಿದ್ದೆ."

ಚಿಕ್ಕಂದಿನಲ್ಲಿ ಇವನಿಗೆ ಕಪ್ಪುಹಲಗೆ ಕಾಣುವುದಿಲ್ಲ ಎಂದು ಮೊದಲು ಪತ್ತೆ ಮಾಡಿದವಳು ಅಕ್ಕನೇ. ಅಂಗಳದ ಆ ತುದಿಯಲ್ಲಿ ನಿಂತು ಕೈಯೆತ್ತಿ, ಎಷ್ಟು ಬೆರಳು ಹೇಳೋ ಎಂದಿದ್ದಳು. ಕನ್ನಡಕ ಬಂದರೆ ಹುಡುಗರು ಅಣಕಿಸುತ್ತಾರೆಂಬ ಭಯಕ್ಕೆ ಇವನು ಅಂದಾಜಿನ ಮೇಲೆ ಮೂರು ಎಂದಿದ್ದ. ಅಕ್ಕ ಎತ್ತಿದ್ದು ಬರೀ ಮುಷ್ಟಿ. ಇವನು ಕಣ್ಣಿನ ಕೆಲಸಕ್ಕೆ ಬಂದದ್ದೇ ಆ ಮುಷ್ಟಿಯಿಂದ ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ.

"ನನ್ನ ಮೂಗನ್ನೇ ನೋಡ್ತಿರು ಅಕ್ಕ. ಕಣ್ಣು ಆ ಕಡೆ ಈ ಕಡೆ ತಿರುಗಿಸ್ಬಾರದು." ಅವನು ತೋಳು ಪಕ್ಕಕ್ಕೆ ಚಾಚಿದ. "ಎಷ್ಟು ಬೆರಳು?"

"ಎರಡು."

ಅವನ ಕೈ ಮುಷ್ಟಿಯಾಗಿಯೇ ಇತ್ತು.

"ಅಕ್ಕ... ಮುಷ್ಟಿ."

"ಹೌದಾ?" ಅಕ್ಕ ನಕ್ಕಳು. "ನಿನ್ನ ಥರಾನೇ ಅಂದಾಜು ಹೊಡೆದೆ ನೋಡು. ನೀನಾದ್ರೂ ಆಗ ಚಿಕ್ಕವನು."

ಅವನು ಬೆರಳುಗಳನ್ನು ಆಡಿಸುತ್ತ ಕೈಯನ್ನು ನಿಧಾನವಾಗಿ ಒಳಕ್ಕೆ ತಂದ. ಕಂಡಾಗ ಹೇಳು ಎಂದ. ಕೈ ಭುಜದ ನೇರಕ್ಕೆ ಬಂತು, ಅಕ್ಕ ಮಾತಾಡಲಿಲ್ಲ. ಕಿವಿಯ ನೇರಕ್ಕೆ ಬಂತು. ಕೆನ್ನೆಗೆ ಬಂತು. ಅವನದೇ ಮೂಗನ್ನು ಮುಟ್ಟುವುದರಲ್ಲಿತ್ತು.

"ಹಾಂ, ಈಗ," ಎಂದಳು.

ವರದಿಯಲ್ಲಿ ನಡುವಿನ ಬೆಳಕು ಇದಕ್ಕಿಂತ ಅಗಲವಾಗಿತ್ತು. ಇವನು ಕೈ ಇಳಿಸಿದ. ಔಷಧಿ ಹಾಕಿಕೊಳ್ಳುತ್ತಿದ್ದರೆ ಇಷ್ಟು ಬೇಗ ಇಷ್ಟು ಕುಗ್ಗಬಾರದು.

"ಡ್ರಾಪ್ಸ್ ಹಾಕ್ಕೋತಿದೀಯಾ ಅಕ್ಕ? ದಿನಾ?"

ಅಕ್ಕ ಕುಂಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿದಳು. "ಮಗಳಿಗೆ ಹೇಳ್ಬೇಡ. ಅವಳ ಹತ್ರ ಹಾಕ್ಕೊಂಡೆ ಅಂತೀನಿ. ಮೊದಲು ಒಂದೆರಡು ದಿನ ಹಾಕಿದೆ, ಉರಿ ಅಂದ್ರೆ ಉರಿ. ನೀನು ಏನೂ ಆಗಿಲ್ಲ ಅಂದ್ಯಲ್ಲ, ಏನೂ ಆಗದ ಕಣ್ಣಿಗೆ ಯಾಕೆ ಖಾರ ಹುಯ್ಕೊಳ್ಳೋದು ಅಂತ ಬಿಟ್ಟೆ."

ಅವನು ಎದ್ದು ಒಳಗೆ ಹೋದ. ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆಯ ಡಬ್ಬಿಯ ಹಿಂದೆ, ಔಷಧಿಯ ಪೆಟ್ಟಿಗೆಗಳು, ಒಂದನ್ನು ಬಿಟ್ಟು, ಸೀಲು ಒಡೆಯದೆ ಸಾಲಾಗಿ ನಿಂತಿದ್ದವು. ಅಡುಗೆಮನೆಯ ಕಟ್ಟೆಗೆ ಕೈಯೂರಿ ಅವನು ಅತ್ತ. ಧಪ್ಪು, ಟಪ್ಪು, ಡಿಕ್ಕಿ, ಹೊಟ್ಟೆಯ ಅಳತೆ, ಎಲ್ಲ ಒಂದೊಂದಾಗಿ ನೆನಪಾಯಿತು. ಅವನು ರಸ್ತೆ ದಾಟುತ್ತ ಚಹಾ ಕುಡಿಯುತ್ತಿದ್ದ ಪ್ರತಿ ಸಂಜೆಯೂ ಇಲ್ಲಿ ಒಂದಿಷ್ಟು ಕಪ್ಪು ಒಳಗೆ ಬಂದಿತ್ತು. ಮುಖ ತೊಳೆದುಕೊಂಡು, ಒಂದು ಪೆಟ್ಟಿಗೆ ತೆಗೆದುಕೊಂಡು ಅದರ ಮೇಲಿನ ತಾರೀಖು ನೋಡಿ, ಕೈಯನ್ನೂ ಸೋಪು ಹಾಕಿ ತೊಳೆದು ಹೊರಗೆ ಬಂದ.

ಅಕ್ಕನ ಮುಂದೆ, ನೇರವಾಗಿ, ಮಂಡಿಯೂರಿ ಕೂತ.

"ನಾನು ಸುಳ್ಳು ಹೇಳಿದ್ದೆ. ಆಗಿದೆ ಅಕ್ಕ. ಅಂಚೆಲ್ಲ ಹೋಗಿದೆ, ಅದು ಇನ್ನು ಬರಲ್ಲ. ನಡುವೆ ಇರೋದು ಉಳೀಬೇಕು ಅಂದ್ರೆ ಉರಿದ್ರೂ ಈ ಔಷಧಿ ದಿನಾ ಬೀಳ್ಲೇಬೇಕು. ನಾಳೆ ಡಾಕ್ಟರ ಹತ್ರ ಹೋಗೋಣ, ಇನ್ನೇನು ಮಾಡೋಕಾಗುತ್ತೆ ಕೇಳೋಣ. ನಾನು ಆಗಲೇ ಬಂದಿದ್ರೆ ಇಷ್ಟು ಹೋಗ್ತಿರ್ಲಿಲ್ಲ."

ಅಕ್ಕ ಮಡಿಲಿನ ಕುಂಡವನ್ನು ಪಕ್ಕಕ್ಕಿಡಲು ಹೋದಳು. ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ಕಾಣದೆ ಕುಂಡ ಉರುಳಿ ಮಣ್ಣು ಚೆಲ್ಲಿತು.

"ಮೊದಲೇ ಹೇಳಿದ್ರೆ ನೇತಾಡೋ ಕುಂಡಗಳನ್ನೆಲ್ಲ ಆಗಲೇ ಇಳಿಸ್ತಿದ್ದೆ," ಎಂದಳು. "ನಾನೇ ಎಡವುಗಾಲಿ ಆದೆ ಅಂದ್ಕೊಂಡಿದ್ದೆ ಕಣೋ. ನನ್ನನ್ನ ನಾನೇ ಬೈಕೋತಿದ್ದೆ."

ಅದಕ್ಕಿಂತ ದೊಡ್ಡ ಬೈಗುಳ ಅವನು ಜೀವಮಾನದಲ್ಲಿ ಕೇಳಿರಲಿಲ್ಲ.

"ಹುಯ್ಯಿ," ಎಂದು ಅವಳು ತಲೆ ಹಿಂದಕ್ಕೆ ಒರಗಿಸಿದಳು. ಅವನು ಕೆಳರೆಪ್ಪೆ ಎಳೆದು ಒಂದೊಂದು ಕಣ್ಣಿಗೂ ಒಂದೊಂದು ಹನಿ ಬಿಟ್ಟ. ಅವಳು ಉರಿಗೆ ಅವನ ಮುಂಗೈ ಹಿಡಿದುಕೊಂಡಳು. ಅವನ ಕಾಲು ಯಾವಾಗ ಸುಮ್ಮನಾಗಿತ್ತೋ ಅವನಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನದೊಳಗೆ ಗಾಡಿ ಹಿಂದಿರುಗಿಸಬೇಕಿತ್ತು. ಹೆಂಡತಿ ಅಕ್ಕನ ಜೊತೆ ಉಳಿಯುತ್ತೇನೆಂದಳು. ನೇತುಹಾಕಿದ ಕುಂಡಗಳಲ್ಲಿ ಅರ್ಧದಷ್ಟನ್ನು ಅವಳೂ ಶೋರೂಮಿನ ಹುಡುಗಿಯೂ ಆಗಲೇ ಕೆಳಗಿಳಿಸಿ ಗೋಡೆಯ ಬುಡಕ್ಕೆ ಜೋಡಿಸಿದ್ದರು.

"ನಾಳೆ ಬೆಳಿಗ್ಗೆ ಹಳೇ ಕಾರಲ್ಲೇ ಬರ್ತೀನಿ," ಎಂದ ಅವನು. "ನೀನು ಸಿದ್ಧವಾಗಿರು ಅಕ್ಕ, ಆಸ್ಪತ್ರೆಗೆ ಹೋಗೋಣ."

"ಸರ್, ಹಾಗಾದ್ರೆ ಈ ಗಾಡಿ..." ಎಂದಳು ಹುಡುಗಿ, ಮಣ್ಣಾದ ಕೈಯನ್ನು ಒರೆಸಿಕೊಳ್ಳುತ್ತ. ಅವನು ಅವಳಿಗೆ ಕೈತೊಳೆಯಲು ನಲ್ಲಿ ತೋರಿಸಿದ.

ಅಕ್ಕ ಗೇಟಿನವರೆಗೆ ಬಂದಳು. ಇವನು ಗಾಡಿ ಹತ್ತಿ, ಹಿಂದಕ್ಕೆ ತೆಗೆದು, ಇಳಿಜಾರಿನ ಕಡೆ ತಿರುಗಿಸಿ ನಿಲ್ಲಿಸಿದ. ಕನ್ನಡಿಯಲ್ಲಿ ಹಳದಿ ದೀಪ ಹತ್ತಿತು. ನೋಡಿದರೆ ಅಕ್ಕ ಅಲ್ಲೇ ಪಕ್ಕದಲ್ಲಿದ್ದಳು. ಗಾಡಿ ಮೊದಲು ನಿಂತಿದ್ದ ಖಾಲಿ ಜಾಗಕ್ಕೆ ಕೈಬೀಸುತ್ತಿದ್ದಳು.

ಅವನು ಎಂಜಿನ್ ಆರಿಸಿದ. ಇಳಿದು, ಗಾಡಿಯನ್ನು ಸುತ್ತುಹಾಕಿ, ಅವಳು ನೋಡುತ್ತಿದ್ದ ಕಡೆಯಿಂದಲೇ ನಡೆದು ಬಂದು ಎದುರಿಗೆ ನಿಂತ. ಅವಳ ಕೈ ಗಾಳಿಯಲ್ಲೇ ನಿಂತಿತು.

"ಕಾಣ್ತಿದೀನಾ ಅಕ್ಕ?"

"ಈಗ ಕಾಣ್ತೀಯ," ಎಂದಳು ಅಕ್ಕ. "ಇನ್ನು ಮೇಲೆ ಹೀಗೇ ಬಾ."